ನೂಲಿಗೆ ಇಟ್ಟ ಗುರಿ

ಕಳೆದ ವಾರ ಮೂಡಬಿದಿರೆಯ ದರ್ಜಿಯೊಬ್ಬರ ಅಂಗಡಿಯಲ್ಲಿ ಅಳತೆ ಕೊಡಲು ಕಾಯುತ್ತಿದ್ದಾಗ, ಅವರು ಹೊಲಿಗೆ ಯಂತ್ರಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟರು. ಆ ವಾಸನೆ ಮೂಗಿಗೆ ತಾಗಿದೊಡನೆ ಫರಂಗಿಪೇಟೆಯ ಒಂದು ಹಿತ್ತಿಲು ನನ್ನ ಕಣ್ಣ ಮುಂದೆ ಬಂತು. ಸದರಿ ಹಿತ್ತಿಲಿನಲ್ಲಿ ನಡೆದುದನ್ನು ಈವರೆಗೆ ಯಾರಿಗೂ ತಿಳಿಸಿರುವುದಿಲ್ಲ. ಕಚೇರಿಯ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಕಾರಣ, ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಬಂಟ್ವಾಳದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು, ಫರಂಗಿಪೇಟೆಯಲ್ಲಿ ಬಾಡಿಗೆಗೆ ವಾಸವಾಗಿದ್ದೆ. ಪಕ್ಕದ ಮನೆಯ ಹಿರಿಯರನ್ನು ಊರೆಲ್ಲ ಕಾಕ ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆದೆ. ಗಲ್ಫಿನಿಂದ ಮರಳಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವರಿಗೆ ಒಂದೇ ಹುಚ್ಚು. ಅದು ಏರ್‌ಗನ್. ಹಕ್ಕಿಗೆ ಎಂದೂ ಗುರಿ ಇಟ್ಟವರಲ್ಲ. ಹಿತ್ತಿಲಿನಲ್ಲಿ ನೂಲಿಗೆ ತೂಗುಬಿಟ್ಟ ಖಾಲಿ ಬೆಂಕಿಪೊಟ್ಟಣವೇ ಅವರ ಬೇಟೆ.

ಗುಂಡಿನ ಡಬ್ಬವನ್ನು ಮಂಗಳೂರಿನಿಂದ ತರಿಸಬೇಕಾಗಿದ್ದುದರಿಂದ ಕಾಕ ಅದನ್ನು ಬಹಳ ಹಿಡಿತದಿಂದ ಬಳಸುತ್ತಿದ್ದರು. ಕೋವಿಗೆ ಹೊಲಿಗೆ ಯಂತ್ರದ ಎಣ್ಣೆ. ಗುರಿಯ ಹಿಂದೆ ಹಳೆಯ ಪತ್ರಿಕೆ ತುಂಬಿದ ಪೆಟ್ಟಿಗೆ. ಅದರಲ್ಲಿ ಸಿಕ್ಕ ಗುಂಡುಗಳ ಸೀಸವನ್ನು ಕಬ್ಬಿಣದ ಸೌಟಿನಲ್ಲಿ ಕರಗಿಸಿ ಬೀಸುಬಲೆಗೆ ಭಾರದ ಮಣಿ ಮಾಡಿಕೊಟ್ಟರೆ, ಹೊಳೆಯ ಮೀನುಗಾರರು ಬದಲಿಗೆ ಮೀನು ಕೊಡುತ್ತಿದ್ದರು.

"ನನ್ನ ಹುಚ್ಚು ಮನೆಗೆ ಮೀನು ತರ್ತದೆ. ನಿನ್ನ ಟೀವಿ ಎಂಥ ತರ್ತದೆ?" ಎಂದು ಹೆಂಡತಿಯನ್ನು ಕೆಣಕುವರು.

"ಮೀನು ಕೊಯ್ಯುವವಳು ನಾನಲ್ವಾ?" ಎಂದು ಒಳಗಿನಿಂದ ಉತ್ತರ ಬರುವುದು.

ನನಗೆ ಅವರು ಕಲಿಸಿದ ಮೊದಲ ಪಾಠ ಗುಂಡಿಲ್ಲದ ಪಾಠ. ನಳಿಗೆಯ ತುದಿಯಲ್ಲಿ ನಾಲ್ಕಾಣೆಯ ನಾಣ್ಯವೊಂದನ್ನಿಟ್ಟು, ಅದು ಬೀಳದಂತೆ ಗುರಿ ಹಿಡಿದು ನಿಲ್ಲಬೇಕು. "ಹೊಡಿಯುವುದು ಮತ್ತೆ. ಮೊದಲು ನಿಲ್ಲಲಿಕ್ಕೆ ಕಲಿ ಮಾರಾಯ." ಹೀಗೆ ಎಷ್ಟೋ ಭಾನುವಾರಗಳು ಒಂದು ಗುಂಡೂ ಖರ್ಚಾಗದೆ ಕಳೆದವು…

ಆ ವರ್ಷ ಸಿದ್ಧಕಟ್ಟೆಯಲ್ಲಿ ಯುವಕರು ಏರ್‌ಗನ್ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ನೂಲಿಗೆ ಕಟ್ಟಿದ ಮೊಟ್ಟೆ, ಒಬ್ಬರಿಗೆ ಒಂದೇ ಗುಂಡು. ಕಾಕ ಇಬ್ಬರ ಹೆಸರನ್ನೂ ಕೊಟ್ಟರು. ಅಭ್ಯಾಸಕ್ಕೆಂದು ಒಂದು ವಾರದ ಮಟ್ಟಿಗೆ ಕೋವಿಯನ್ನು ನನ್ನ ವಶಕ್ಕೆ ನೀಡಿ, ಜೊತೆಗೆ ಐದು ಗುಂಡು ಎಣಿಸಿ ಕೊಟ್ಟರು.

ಇಲ್ಲಿ ನನ್ನಿಂದ ಆದ ತಪ್ಪನ್ನು ಸ್ಪಷ್ಟಪಡಿಸಬೇಕಾಗಿದೆ. ಆ ಐದನ್ನೂ ಉಳಿಸಿ ಹಿಂದಿರುಗಿಸಿದರೆ ಕಾಕ ಮೆಚ್ಚುವರೆಂದು ಭಾವಿಸಿ, ನಾನು ದಿನವೂ ನಳಿಗೆ ಮಡಚಿ, ಸ್ಪ್ರಿಂಗ್ ಬಿಗಿದು, ಗುಂಡಿಲ್ಲದೆಯೇ ಕೋವಿಯ ಕುದುರೆ ಎಳೆದೆ. ನೂರು ಬಾರಿಯೋ, ಇನ್ನೂರು ಬಾರಿಯೋ… ಖಾಲಿ ಹೊಡೆದರೆ ಒಳಗಿನ ವಾಶರಿಗೂ ಸ್ಪ್ರಿಂಗಿಗೂ ಪೆಟ್ಟು ಬೀಳುವುದೆಂಬುದು ನನಗೆ ತಿಳಿದಿರಲಿಲ್ಲ. ಕಾಕ ಬರೇ ಹಿಡಿದು ನಿಲ್ಲಲು ಹೇಳಿದ್ದರು, ಎಳೆಯಲು ಹೇಳಿರಲಿಲ್ಲ. ವಾರದ ಕೊನೆಗೆ ಶಬ್ದ ಬದಲಾಯಿತು. ಹೆದರಿ ಒಂದು ಗುಂಡು ಹಾಕಿ ನೋಡಿದೆ. ಗುರಿಗಿಂತ ಒಂದು ಗೇಣು ಕೆಳಗೆ ಬಿತ್ತು. ಮರುದಿನ ಕೋವಿಯನ್ನೂ ಉಳಿದ ನಾಲ್ಕು ಗುಂಡನ್ನೂ ಹಿಂದಿರುಗಿಸಿದೆ, ವಿಷಯವನ್ನು ಹಿಂದಿರುಗಿಸಲಿಲ್ಲ.

ಸಿದ್ಧಕಟ್ಟೆಯಲ್ಲಿ ಅದೇ ಕೋವಿಯಿಂದ ಮೊದಲು ಕಾಕ ಹೊಡೆದರು. ಮೊಟ್ಟೆ ಅಲುಗಲಿಲ್ಲ; ಕೆಳಗಿನ ಮಣ್ಣು ಹಾರಿತು.

"ಕಾಕಾ, ಮೊಟ್ಟೆ ಮೇಲೆ ಉಂಟು! ಕೆಳಗೆ ಇರುವುದು ಏಡಿ!" ಎಂದು ಯಾರೋ ಕೂಗಿದರು. ಜನ ನಕ್ಕರು. ಕಾಕನೂ ನಕ್ಕರು. ಕೋವಿಯನ್ನು ನನ್ನ ಕೈಗೆ ಕೊಡುವಾಗ ಮಾತ್ರ ನಗದೆ, ಕಿವಿಯ ಬಳಿ ಹೇಳಿದರು: "ಮೊಟ್ಟೆಗೆ ನೋಡಬೇಡ. ನೂಲಿಗೆ ನೋಡು."

ಅವರು ಹೇಳಿದಂತೆ ಮೊಟ್ಟೆಗಿಂತ ಒಂದು ಗೇಣು ಮೇಲೆ, ನೂಲಿಗೆ ಗುರಿ ಇಟ್ಟೆ. ಮೊಟ್ಟೆ ಒಡೆಯಿತು. ಬಹುಮಾನವಾಗಿ ಬಂದ ಸ್ಟೀಲಿನ ಕೊಡಪಾನವನ್ನು ನಾನು ಸ್ವೀಕರಿಸಿದೆ.

ಹಿಂತಿರುಗುವ ಬಸ್ಸಿನಲ್ಲಿ ಕಾಕ, "ನನ್ನ ಕಣ್ಣಿಗೆ ಪೊರೆ ಬಂತು ಕಾಣ್ತದೆ. ಇನ್ನು ಸಾಕು" ಎಂದರು. ಅಂದಿನಿಂದ ಕೋವಿ ಗೋಣಿಯೊಳಗೆ ಸೇರಿತು. ಮೂರು ತಿಂಗಳ ನಂತರ ಅವರ ಹೆಂಡತಿ ಬೇಲಿಯ ಬಳಿ ನನ್ನನ್ನು ನಿಲ್ಲಿಸಿದರು. "ಪೊರೆ ಗಿರೆ ಎಂಥದೂ ಇಲ್ಲ ಅಂತ ಕಣ್ಣಿನ ಡಾಕ್ಟ್ರೇ ಹೇಳಿದ್ದಾರೆ. ಆದ್ರೂ ಕೋವಿ ಮುಟ್ಟುವುದಿಲ್ಲ. ಆದಿತ್ಯವಾರ ಇಡೀ ಸುಮ್ಮನೆ ಕೂತುಕೊಳ್ತಾರೆ. ನೀನಾದರೂ ಒಂದು ಮಾತು ಹೇಳು."

ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಕೋವಿ ಕೆಟ್ಟಿದೆಯೆಂದು ಕಾಕನಿಗೆ ಗೊತ್ತಿರದಿದ್ದರೆ, ನೂಲಿಗೆ ನೋಡು ಎಂದು ಹೇಗೆ ಹೇಳಿದರು? ಗೊತ್ತಿದ್ದರೆ, ತಪ್ಪನ್ನು ತನ್ನ ಕಣ್ಣಿನ ಮೇಲೆ ಏಕೆ ಹಾಕಿಕೊಂಡರು? ನನ್ನ ಮರ್ಯಾದೆ ಉಳಿಸಲೆಂದೇ? ಅಥವಾ ತನ್ನ ಕಣ್ಣೇ ಕೆಳಗೆ ನೋಡುತ್ತಿದೆಯೆಂದು ನಂಬಿ, ನನಗೂ ಹಾಗಾದೀತೆಂದು ಎಚ್ಚರಿಸಿದರೇ… ಎರಡೂ ಸರಿಯೆನಿಸುತ್ತದೆ. ಎರಡೂ ಪೂರ್ತಿ ಹೊಂದುವುದಿಲ್ಲ.

ಮುಂದೆ ನನಗೆ ಬೆಳ್ತಂಗಡಿಗೆ ವರ್ಗವಾಯಿತು. ಮಂಗಳೂರಿಗೆ ಹೋಗುವ ಬಸ್ಸು ಫರಂಗಿಪೇಟೆಯಲ್ಲಿ ನಿಂತಾಗಲೆಲ್ಲ ಇಳಿಯಬೇಕೆಂದು ಬ್ಯಾಗಿಗೆ ಕೈ ಹಾಕುತ್ತಿದ್ದೆ. ಕಂಡಕ್ಟರ್ ಸೀಟಿ ಊದುತ್ತಿದ್ದ. ಹೀಗೆ ಏಳೆಂಟು ವರ್ಷ. ಬಳಿಕ ಒಮ್ಮೆ ನಿಜವಾಗಿಯೂ ಇಳಿದೆ. ಕಾಕ ತೀರಿಹೋಗಿ ಆಗಲೇ ನಲುವತ್ತು ದಿನ ಕಳೆದಿತ್ತು. ಅವರ ಹೆಂಡತಿ ಚಹಾ ಕೊಟ್ಟು, "ನಿನ್ನ ಸುದ್ದಿ ಹೇಳ್ತಾ ಇದ್ದರು" ಎಂದರು. ಏನು ಹೇಳುತ್ತಿದ್ದರೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆದ್ದರಿಂದ ಇದನ್ನು ಯಾರಿಗೆ ಸಲ್ಲಿಸಬೇಕೆಂದು ತಿಳಿಯದಿದ್ದರೂ, ತಡವಾಗಿಯಾದರೂ ಸಲ್ಲಿಸುತ್ತಿದ್ದೇನೆ. ಅಂದು ಸಿದ್ಧಕಟ್ಟೆಯಲ್ಲಿ ನಕ್ಕವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು: ಕಾಕನ ಗುರಿ ಸರಿಯಾಗಿತ್ತು.