ಗೋಡೆ ಅವರದು, ಯಂತ್ರ ಇವರದು

ಹುಣಸೂರಿನಲ್ಲಿ ಹೊಗೆಸೊಪ್ಪಿನ ಹಳೆಯ ಗೋದಾಮೊಂದರ ಮಹಡಿಯ ಮೇಲೆ ನಾನು ಎರಡು ವರ್ಷ ಕೆಲಸ ಮಾಡಿದೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ಬೆಂಗಳೂರಿನ ದೊಡ್ಡ ಕಂಪ್ಯೂಟರ್ ಕಂಪನಿಯೊಂದು ಆ ಮಹಡಿಯನ್ನು ಬಾಡಿಗೆಗೆ ಹಿಡಿದು ತನ್ನ ಯಂತ್ರಗಳನ್ನು ಇಟ್ಟಿತ್ತು. ಹಲವು ಆಸ್ಪತ್ರೆಗಳ ರೋಗಿಗಳ ದಾಖಲೆಯ ಎರಡನೇ ಪ್ರತಿ ಅವುಗಳಲ್ಲಿತ್ತು. ಗಾವಡಗೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ಹಗಲು ಹೊತ್ತು ಅವನ್ನು ನೋಡಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಮೊದಲ ವರ್ಷ ಕೆಳಗೆ ಖಾಲಿ ಇತ್ತು. ಮರುವರ್ಷ ಸೊಪ್ಪಿನ ಕಾಲ ಬಂದಾಗ ಕಟ್ಟಡದ ಯಜಮಾನರು ಅಲ್ಲಿ ಬೇಲುಗಳನ್ನು ಪೇರಿಸಿದರು. ಒಣಗಿದ ಎಲೆ, ಅದಕ್ಕೆ ಸುತ್ತಿದ ಗೋಣಿತಾಟು. ನನಗೆ ಹತ್ತಿಳಿಯಲು ಇದ್ದ ಒಂದೇ ಒಂದು ಮೆಟ್ಟಿಲಸಾಲು ಆ ಬೇಲುಗಳ ನಡುವೆಯೇ ಇಳಿಯುತ್ತಿತ್ತು.

ಒಂದು ದಿನ ಆ ಮೆಟ್ಟಿಲ ಪಕ್ಕದ ಗೋಡೆಗೆ ಕೈ ತಾಗಿತು. ಬೆಚ್ಚಗಿತ್ತು. ಒಳಗೆ ನಮ್ಮ ಯಂತ್ರಗಳಿಗೆ ಬರುವ ವೈರು. ಬೆಂಗಳೂರಿನ ಮ್ಯಾನೇಜರಿಗೆ ಫೋನ್ ಮಾಡಿದೆ.

"ಗೋಡೆ ಓನರ್‌ದು ಕಣಮ್ಮ, ಅವರೇ ಸರಿ ಮಾಡಿಸ್ಬೇಕು," ಎಂದರು. "ಕಟ್ಟಡದ ತಲೆನೋವು ಬೇಡ ಅಂತಾನೇ ಅಲ್ವಾ ಬಾಡಿಗೆಗೆ ತಗೊಂಡಿರೋದು?"

ಯಜಮಾನರನ್ನು ಕೇಳಿದೆ. "ನಮ್ಮಪ್ಪನ ಕಾಲ್ದಲ್ಲಿ ಎರಡು ಬಲ್ಬಿಗೆ ಅಂತ ಎಳ್ಸಿದ ವೈರು ಕಣವ್ವ ಅದು. ಈಗ ಎಳೀತಿರೋದು ನಿಮ್ಮ ಮಿಷನ್ನು. ಒಸ ವೈರು ನೀವೇ ಆಕಿಸ್ಕೊಳ್ಳಿ."

ಇಬ್ಬರ ಮಾತಿನಲ್ಲೂ ತಪ್ಪು ಹುಡುಕಲು ನನಗೆ ಆಗಲಿಲ್ಲ. ಭಯ ಮಾತ್ರ ನನ್ನ ಪಾಲಿಗೆ ಉಳಿಯಿತು. ಗಂಟೆಗೊಮ್ಮೆ ಎದ್ದು ಹೋಗಿ ಗೋಡೆ ಮುಟ್ಟುತ್ತಿದ್ದೆ. ಬುತ್ತಿ ಹಾಗೇ ವಾಪಸ್ಸು ಬರುತ್ತಿತ್ತು. ಅವ್ವ ಬಯ್ದರೆ ಹಸಿವಿಲ್ಲ ಎನ್ನುತ್ತಿದ್ದೆ. ನಿಜ ಹೇಳಿದರೆ ಕೆಲಸ ಬಿಡಿಸುತ್ತಾಳೆ ಎಂದು ಅದಕ್ಕೂ ಭಯ.

ಒಂದು ಮಧ್ಯಾಹ್ನ ದೀಪಗಳು ಮಂಕಾದವು. ಗೋಣಿ ಸುಟ್ಟ ವಾಸನೆ ಬಂತು. ಕೆಳಗೆ ಸೊಪ್ಪು ವಿಂಗಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ ಕೂಗಿದಳು. "ಅಕ್ಕೋ, ಗೋಡೆತಾವ ಒಗೆ ಬತ್ತಾ ಅದೆ, ಬಿರ್ರನೆ ಇಳೀರಿ."

ಬೆಂಗಳೂರನ್ನು ಕೇಳದೆ ಯಂತ್ರ ನಿಲ್ಲಿಸಬಾರದು ಎಂಬ ನಿಯಮವಿತ್ತು. ಮೇನ್ ಸ್ವಿಚ್ಚು ಕೆಳಗೆ ಯಜಮಾನರ ಬೀಗ ಹಾಕಿದ ಕೋಣೆಯಲ್ಲಿತ್ತು. ಮಹಡಿಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸಿದೆ. ಸದಾ ಗುಂಯ್‌ಗುಡುತ್ತಿದ್ದ ಕೋಣೆ ಗಪ್ಪೆಂದಿತು. ಆ ಮೌನ ಹೊಗೆಗಿಂತ ಹೆಚ್ಚು ಹೆದರಿಸಿತು. ದಾಖಲೆಗಳನ್ನು ದಿನಾ ನಕಲು ಮಾಡಿಡುತ್ತಿದ್ದ ಟೇಪುಗಳ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು, ಸೆರಗಿನಿಂದ ಮೂಗು ಮುಚ್ಚಿ ಇಳಿದೆ. ನಡುವಿನಲ್ಲಿ ಮೆಟ್ಟಿಲು ಕಾಣಲಿಲ್ಲ. ಯಾರೋ ನನ್ನ ತೋಳು ಹಿಡಿದು ಹೊರಗೆಳೆದರು. ಕೂಗಿದ ಹೆಂಗಸೇ.

ಅಷ್ಟರಲ್ಲಿ ಯಜಮಾನರು ಓಡಿ ಬಂದು ಬೀಗ ತೆಗೆದು ಮೇನ್ ಆರಿಸಿದರು. ಹೆಂಗಸರು ಹೊಗೆಯಾಡುತ್ತಿದ್ದ ಎರಡು ಬೇಲುಗಳನ್ನು ಅಂಗಳಕ್ಕೆ ಎಳೆದು ಮಣ್ಣು ಸುರಿದರು. ಯಾರಿಗೂ ಏನೂ ಆಗಲಿಲ್ಲ. ಯಜಮಾನರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, "ಮೇಲೆ ನೀನೊಬ್ಳು ಇರ್ತೀಯ ಅನ್ನೋದೇ ನಂಗೆ ಗ್ಯಾನ ಇರ್ನಿಲ್ಲ ಕಣವ್ವ," ಎಂದರು.

ಫೋನ್ ಬೂತಿನಿಂದ ಮ್ಯಾನೇಜರಿಗೆ ತಿಳಿಸಿದೆ.

"ಯಾರನ್ನ ಕೇಳಿ ಆಫ್ ಮಾಡಿದ್ರಿ?"

"ಯಾರನ್ನೂ ಕೇಳ್ಲಿಲ್ಲ ಸಾರ್."



ತಿಂಗಳ ನಂತರ ಬೆಂಗಳೂರಿನ ಕಚೇರಿಗೆ ಕರೆಸಿದರು. ಸ್ವಂತ ಕಟ್ಟಡ ಕಟ್ಟುವುದೋ ಬೇರೆ ಬಾಡಿಗೆ ಹಿಡಿಯುವುದೋ ಎಂದು ದೊಡ್ಡವರೆಲ್ಲ ವಾದಿಸಿದರು. ಕೊನೆಗೆ ನನ್ನನ್ನೂ ಕೇಳಿದರು. ಸ್ವಂತದ್ದೋ ಬಾಡಿಗೆಯದೋ ನನಗೆ ಗೊತ್ತಾಗುವುದಿಲ್ಲ, ಮೇನ್ ಸ್ವಿಚ್ಚು ನಾವು ಕೂತ ಕಡೆ ಇರಲಿ, ಇಳಿಯಲು ಇನ್ನೊಂದು ಮೆಟ್ಟಿಲಸಾಲಿರಲಿ ಎಂದೆ. ಮ್ಯಾನೇಜರ್ ತಲೆ ತಗ್ಗಿಸಿ ಬರೆದುಕೊಂಡರು.

ಮೈಸೂರಿನ ಹೊರಗೆ ಸ್ವಂತ ಕಟ್ಟಡವೇ ಎದ್ದಿತು, ಸ್ವಿಚ್ಚು, ಮೆಟ್ಟಿಲು ಎಲ್ಲ ನಾನು ಹೇಳಿದಂತೆಯೇ. ಅಲ್ಲಿ ನಾಲ್ಕು ತಿಂಗಳು ದುಡಿದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಬಾಗಿಲು ಮುಚ್ಚಿದ ಕೂಡಲೇ ಆ ದಿನದ ಹೊಗೆ ನೆನಪಾಗಿ ಉಸಿರು ಕಟ್ಟುತ್ತಿತ್ತು. ಬಿಟ್ಟು ಬಂದು ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ.