ಸದ್ದಿಲ್ಲದ ಎಂಜಿನ್ ಮತ್ತು ಒಂದು ‘ಬರ್ತೇನೆ’

ಕೋವಿಡ್ ಗಲಾಟೆ ಮುಗಿದ ಮರುವರ್ಷದ ನವೆಂಬರ್. ಲಂಡನ್ನಿನ ಕಿಂಗ್ಸ್‌ಬರಿಯ ಒಂದು ವರ್ಕ್‌ಶಾಪಿನಲ್ಲಿ ನಾನು ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಕುಂದಾಪುರದಲ್ಲಿ ಬಸ್ಸಿನ ಡೀಸೆಲ್ ಎಂಜಿನ್ ಬಿಚ್ಚಿ ಕೆಲಸ ಕಲಿತವನು ನಾನು. ಇಲ್ಲಿ ಬಿಚ್ಚುತ್ತಿದ್ದದ್ದು ಇಂಗ್ಲಿಷರು ತಮ್ಮ ರಾಣಿಯ ಜೊತೆಗೇ ನೆನೆಯುವ ಒಂದು ಕಂಪನಿಯ ಹಳೆಯ ಕಾರುಗಳನ್ನು. ಆ ಹೆಸರು ಮದುವೆಯ ಕಾರಿನ ಮೂತಿಯ ಮೇಲೂ ಇರುತ್ತದೆ, ನಮ್ಮನ್ನು ಊರಿಗೆ ಹೊತ್ತೊಯ್ಯುವ ವಿಮಾನದ ಎಂಜಿನ್ ಮೇಲೂ ಇರುತ್ತದೆ ಎಂದರೆ ಸಾಕು.

ಈ ಕಾರುಗಳ ಲೋಕದಲ್ಲಿ ಒಂದು ಮಡಿ ಇದೆ. ಗಾಡಿ ‘ಕೆಟ್ಟಿತು’ ಎನ್ನಬಾರದು. ಹಳಬರು ‘ಫೇಲ್ಡ್ ಟು ಪ್ರೊಸೀಡ್’ ಎನ್ನುತ್ತಾರೆ. ಅಂದರೆ ‘ಮುಂದೆ ಸಾಗಲಿಲ್ಲ’. ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಇದನ್ನು ಕೇಳಿ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವ, ಹೋಗ್ತೇನೆ ಎನ್ನದೆ ಬರ್ತೇನೆ ಎನ್ನುವ ಮನೆಯಲ್ಲಿ ಬೆಳೆದವನಿಗೆ ಅದರಲ್ಲಿ ನಗುವಂಥದ್ದೇನಿದೆ?

ಒಂದು ಮಂಗಳವಾರ ಬೆಳಿಗ್ಗೆ ಸೌತ್‌ಹಾಲ್‌ನ ಒಂದು ಮನೆಗೆ ಹೋದೆ. ಬ್ರಾಡ್‌ವೇಯ ಮಿಠಾಯಿ ಅಂಗಡಿಗಳ ಹಿಂದಿನ ಬೀದಿ. ಆ ಬೀದಿಯಲ್ಲಿ ಉಳಿದಿದ್ದ ಒಬ್ಬನೇ ಇಂಗ್ಲಿಷ್ ಮುದುಕ ಆರ್ಥರ್. ವಯಸ್ಸು ಎಂಬತ್ತೆಂಟು. ಪ್ರಾಯವನ್ನೆಲ್ಲ ಅದೇ ಕಂಪನಿಯ ವಿಮಾನ ಎಂಜಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸವೆಸಿದವರು. ನಿವೃತ್ತರಾದ ಮೇಲೆ, ಹೆಂಡತಿಯ ಆಸೆಗೆಂದು, ಕಂಪನಿಯದೇ ಒಂದು ಹಳೆಯ ಕಾರು ಕೊಂಡಿದ್ದರು. ಹೆಂಡತಿ ತೀರಿಕೊಂಡ ಮೇಲೆ ನಾಲ್ಕು ವರ್ಷ ಅದು ಗ್ಯಾರೇಜಿನಿಂದ ಹೊರಗೆ ಬಂದಿರಲಿಲ್ಲ.

ಅವರ ಮಗಳು ಲಿಂಡಾ ಬಾಗಿಲಲ್ಲೇ ವಿಷಯ ಹೇಳಿದಳು. ಮುಂದಿನ ವಾರ ಅಪ್ಪ ಕೇರ್ ಹೋಮಿಗೆ ಹೋಗುತ್ತಾರೆ, ಕಾರನ್ನು ಮಾರುತ್ತೇವೆ. ಅದಕ್ಕೆ ಮೊದಲು ಒಂದು ಸಲ ಎಂಜಿನ್ ಚಾಲೂ ಆಗಬೇಕು, ತಾನು ಕೇಳಬೇಕು. ಮುದುಕನ ಹಟ ಇಷ್ಟೇ.

ಟ್ಯಾಂಕಿನಿಂದ ಪೆಟ್ರೋಲ್ ಎತ್ತಿಕೊಡುವ ಪಂಪ್ ಸತ್ತಿತ್ತು. ಆರ್ಥರ್ ಕುರ್ಚಿ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ತಲೆಯ ಮೇಲೆ ಹೀಥ್ರೋಗೆ ಇಳಿಯುವ ವಿಮಾನ ಹೋದರೆ ಎಂಜಿನ್ ಸದ್ದಿಗೇ ಬೆರಳೆತ್ತಿ, “ಅದು ನಮ್ಮದು” ಎನ್ನುವರು. ಇನ್ನೊಂದು ಹೋದರೆ, “ಅದು ಅಮೆರಿಕದ್ದು, ಪಾಪ” ಎನ್ನುವರು. ಅವರ ಜೊತೆ ಎರಡು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ.

“ಪಂಪ್ ನಮ್ಮ ಶೆಲ್ಫಿನಲ್ಲಿ ಒಂದಿರಬಹುದು, ನೋಡ್ತೇನೆ” ಎಂದೆ. ಸ್ಪ್ಯಾನರ್ ಎತ್ತಿಟ್ಟು ಹೊರಡುವಾಗ, ಲಂಡನ್ನಿಗೆ ಬಂದು ಮೂವತ್ತು ವರ್ಷವಾದರೂ ಬಿಡದ ‘ಬರ್ತೇನೆ’ಯ ಬಾಯಿಚಟ, “ಐ ವಿಲ್ ಕಮ್, ಸರ್” ಅಂದುಬಿಟ್ಟೆ.

ಅವರು ಎದ್ದು ನಿಂತು ಕೈಕುಲುಕಿದರು. ಅಷ್ಟೊಂದು ಸಂಭ್ರಮ ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಶೆಲ್ಫಿನಲ್ಲಿ ಪಂಪ್ ಇರಲಿಲ್ಲ. ಆರ್ಡರ್ ಹಾಕಿದೆ, ಶುಕ್ರವಾರ ಬರುತ್ತದೆ ಎಂದರು. ಲಿಂಡಾಗೆ ಒಂದು ಫೋನ್ ಮಾಡಬಹುದಿತ್ತು. ಇವತ್ತೇ ಎಂದು ನಾನೇನು ಮಾತು ಕೊಟ್ಟಿದ್ದೇನೆಯೇ ಎಂದುಕೊಂಡು ಮಾಡಲಿಲ್ಲ. ಶುಕ್ರವಾರ ಸಂಜೆ ಪಂಪ್ ಕೈಗೆ ಬಂದ ಮೇಲೆ ಫೋನ್ ಮಾಡಿದರೆ ಅವಳು ಅಳುತ್ತಿದ್ದಳು.

“ನೀವು ಬರ್ತೇನೆ ಅಂದಿದ್ರಂತೆ. ಮಂಗಳವಾರ ಮಧ್ಯಾಹ್ನ ಊಟ ಮಾಡಿ ಸೂಟು ಹಾಕ್ಕೊಂಡು ಕಾರಿನಲ್ಲಿ ಕೂತ್ರು. ನಾನು ಕೆಲಸದಲ್ಲಿದ್ದೆ. ಪಕ್ಕದ ಮನೆ ಪಂಜಾಬಿ ಆಂಟಿ ಚಹಾ ತಂದ್ಕೊಟ್ಟು ಒಳಗೆ ಬನ್ನಿ ಅಂದ್ರೂ ಬರಲಿಲ್ಲ. ಬಾಗಿಲು ಹಾಕಿದ್ರೆ ಮನೇಲಿ ಯಾರೂ ಇಲ್ಲ ಅಂದ್ಕೊಂಡು ಅವನು ವಾಪಸ್ ಹೋಗ್ತಾನೆ ಅಂದ್ರು.”

ಐದು ಗಂಟೆ ಹಾಗೆ ಕುಳಿತಿದ್ದರಂತೆ, ನವೆಂಬರಿನ ಚಳಿಯಲ್ಲಿ, ಗ್ಯಾರೇಜಿನ ಬಾಗಿಲು ತೆರೆದಿಟ್ಟು. ಮರುದಿನ ಕೆಮ್ಮು, ಗುರುವಾರ ಆಸ್ಪತ್ರೆ, ನ್ಯುಮೋನಿಯಾ. ನಾನು ಸಾರಿ ಎಂದದ್ದು ಅವಳಿಗೆ ಕೇಳಿಸಿತೋ ಇಲ್ಲವೋ.

ಶನಿವಾರ ರಜೆ. ಬೆಳಿಗ್ಗೆಯೇ ಆರ್ಥರ್ ಮನೆಗೆ ಹೋಗಿ, ಲಿಂಡಾಳಿಂದ ಕೀ ಇಸಿದುಕೊಂಡು, ಹಳೆಯ ಪೆಟ್ರೋಲ್ ಚೆಲ್ಲಿ, ಪಂಪ್ ಕೂರಿಸಿ, ಕೀ ತಿರುಗಿಸಿದೆ. ನಾಲ್ಕನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಮೊಬೈಲನ್ನು ಬಾನೆಟ್ ಹತ್ತಿರ ಹಿಡಿದು ಐದು ನಿಮಿಷ ರೆಕಾರ್ಡ್ ಮಾಡಿಕೊಂಡು, ಭಾನುವಾರ ಆಸ್ಪತ್ರೆಯ ವಾರ್ಡಿಗೆ ಓಡಿದೆ.

ಮೂಗಿಗೆ ಆಕ್ಸಿಜನ್ ಕೊಟ್ಟಿದ್ದರು. ನನ್ನನ್ನು ಕಂಡು ಕಣ್ಣರಳಿಸಿದರು. ಮೊಬೈಲನ್ನು ಅವರ ಕಿವಿಗಿಟ್ಟೆ.

ಆಗ ನನಗೆ ನನ್ನ ದಡ್ಡತನ ಗೊತ್ತಾಯಿತು. ಸದ್ದೇ ಮಾಡುವುದಿಲ್ಲ ಎಂದು ಹೆಸರಾದ ಎಂಜಿನ್ ಅದು! ರೆಕಾರ್ಡಿಂಗಿನಲ್ಲಿ ಬೀದಿಯ ಹಾರ್ನ್ ಇತ್ತು, ಯಾರದೋ ಮನೆಯ ಪಂಜಾಬಿ ಹಾಡಿತ್ತು. ಎಂಜಿನ್ ಎಲ್ಲಿಯೂ ಇರಲಿಲ್ಲ.

ಅವರು ಕಣ್ಣು ಮುಚ್ಚಿ ಐದು ನಿಮಿಷವೂ ಕೇಳಿದರು. ಆಮೇಲೆ ನನ್ನ ಕೈ ತಟ್ಟಿದರು. ನನ್ನನ್ನೇ ಸಮಾಧಾನ ಮಾಡುವವರಂತೆ, “ಬೇಜಾರು ಮಾಡ್ಕೋಬೇಡ. ಫೇಲ್ಡ್ ಟು ಪ್ರೊಸೀಡ್, ಅಷ್ಟೇ” ಎಂದರು.

“ಇಲ್ಲ ಸರ್, ಓಡ್ತಾ ಇದೆ. ನಾನೇ ಚಾಲೂ ಮಾಡಿದೆ” ಎಂದು ಎರಡು ಸಲ ಹೇಳಿದೆ. ಅವರು ಮುಗುಳ್ನಕ್ಕರು. ನಂಬಲಿಲ್ಲ. ಸೋಮವಾರ ಬೆಳಿಗ್ಗೆ ತೀರಿಕೊಂಡರು.

ಆ ಭಾನುವಾರ ವಾರ್ಡಿನಿಂದ ಹೊರಡುವಾಗ ಬರ್ತೇನೆ ಎನ್ನಲಿಲ್ಲ. ಏನೂ ಹೇಳದೆ ಬಂದೆ. ಸಾವಿನ ಮನೆಯಿಂದ ಹಾಗೇ ಹೊರಡಬೇಕು ಎನ್ನುತ್ತಾರೆ ನಮ್ಮಲ್ಲಿ. ನಾನು ಒಂದು ದಿನ ಮೊದಲೇ ಹಾಗೆ ಹೊರಟಿದ್ದೆ.

ಸ್ಪ್ಯಾನರ್ ಹಿಡಿದು ಕಲಿತದ್ದು ಬಹಳ, ಆದರೆ ನನ್ನ ಕಸುಬು ಕೊನೆಗೆ ಕಲಿಸಿದ ಪಾಠ ಇದು: ನಮಗೆ ಬರೀ ಶಿಷ್ಟಾಚಾರವಾದ ಮಾತು ಇನ್ನೊಬ್ಬರಿಗೆ ಭಾಷೆ ಕೊಟ್ಟಂತೆ. ಉಳಿದ ಎರಡು ವರ್ಷ ಗಿರಾಕಿಗಳಿಗೆ ದಿನ, ಗಂಟೆ ಹೇಳಿಯೇ ಹೊರಟೆ. ಖಚಿತವಿಲ್ಲದಿದ್ದರೆ ಹೋಗ್ತೇನೆ ಎಂದೆ. ಈಗ ರೇನರ್ಸ್ ಲೇನಿನ ನಮ್ಮ ಮನೆಯಿಂದ ತರಕಾರಿಗೆ ಹೊರಟಾಗಲೂ ಬಾಯಿಗೆ ಅದೇ ಬರುತ್ತದೆ.

“ಹ್ವಾಯ್, ಹೋತೆ ಅಂದೇಳಿ ಹೇಳೂಕಾಗ, ಬತ್ತೆ ಅನ್ಕ್” ಎಂದು ಹೆಂಡತಿ ಕುಂದಾಪುರದ ಮಾತಿನಲ್ಲಿ ಗದರುತ್ತಾಳೆ, ಬರ್ತೇನೆ ಎನ್ನಬೇಕಂತೆ.

ಅವಳು ಹೇಳುವುದು ಸರಿಯೇ. ಆದರೆ ಸೂಟು ಹಾಕಿಕೊಂಡು, ಬಾಗಿಲು ತೆರೆದಿಟ್ಟು, ಸ್ಟಿಯರಿಂಗ್ ಹಿಡಿದು ಕುಳಿತಿದ್ದವರನ್ನು ಅವಳು ನೋಡಿಲ್ಲ. ನಾನೂ ನೋಡಿಲ್ಲ. ನಾನು ಬಂದಿರಲಿಲ್ಲವಲ್ಲ.