ಡಾಕ್ಟರು ಹೇಳಿದ ಮೂಲ

ಡಾಕ್ಟರ್ ಚೆಲುವರಾಜು ಆರೋಗ್ಯ ಇಲಾಖೆಯಲ್ಲಿ ಇದ್ದಷ್ಟು ಕಾಲ ಯಾರ ನಾಡಿಯನ್ನೂ ಹಿಡಿದವರಲ್ಲ. ಒಂದು ಊರಿನಲ್ಲಿ ಕಾಯಿಲೆ ಎದ್ದರೆ ಅದು ಎಲ್ಲಿಂದ ಬಂತು, ಹೇಗೆ ಹಬ್ಬಿತು ಎಂದು ಹುಡುಕುವುದೇ ಅವರ ಕೆಲಸ. ನಿವೃತ್ತರಾಗಿ ನಂಜನಗೂಡಿನಲ್ಲಿ ನೆಲೆಸಿದ ಮೇಲೆ ಸುಮ್ಮನೆ ಕೂರಲಾಗದೆ, ಚಿಕ್ಕಯ್ಯನಛತ್ರದ ಕಡೆಯ ಒಂದು ಹಳ್ಳಿಯಲ್ಲಿ ದೊಡ್ಡವರಿಗೆ ರೋಗ, ನೀರು, ನೈರ್ಮಲ್ಯದ ಪಾಠ ಶುರುಮಾಡಿದರು. ಭಾನುವಾರ ಶಾಲೆಯ ಜಗುಲಿಗೆ ಮೇಲ್ಕೇರಿ, ಕೆಳಕೇರಿ ಎರಡೂ ಕಡೆಯವರು ಬರುತ್ತಿದ್ದರು. ಟಿ. ನರಸೀಪುರದ ಕಡೆಯ ಒಂದು ಊರಿನ ಕೆಳಕೇರಿಯಲ್ಲಿ ಹುಟ್ಟಿದ ಡಾಕ್ಟರಿಗೆ ಅದೇ ದೊಡ್ಡ ಸಮಾಧಾನ.

ಮಳೆ ನಿಂತ ಮೇಲೆ ಮೇಲ್ಕೇರಿಯಲ್ಲಿ ಮನೆಮನೆಗೂ ಕಾಮಾಲೆ ಬಂತು. ಡಾಕ್ಟರು ಬೀದಿ ಬೀದಿ ಸುತ್ತಿ ಬಂದು ಬೋರ್ಡಿನ ಮೇಲೆ ಊರಿನ ನಕ್ಷೆ ಬರೆದರು.

"ಇದರ ಮೂಲ..." ಎನ್ನುತ್ತಿದ್ದಂತೆ ಹಿಂದಿನಿಂದ ಚಿಕ್ಕಬಸಪ್ಪ, "ಕಾಮಾಲೆ ಜೊತೇಲಿ ಮೂಲವ್ಯಾಧಿನೂ ಬತ್ತದಾ ಸಾ?" ಎಂದ.

ಎಲ್ಲರ ಜೊತೆ ಡಾಕ್ಟರೂ ನಕ್ಕು, "ಮೂಲ ಕೆಳಕೇರಿ. ಅಲ್ಲಿನ ಚರಂಡಿಯೊಳಗೆ ಹಾದು ಮೇಲ್ಕೇರಿಗೆ ಬರೋ ಪೈಪು ಒಡೆದಿದೆ," ಎಂದರು. ಮೊದಲು ಜಾಗ, ಆಮೇಲೆ ಕಾರಣ: ಇಲಾಖೆಯ ವರದಿ ಬರೆದು ಬರೆದು ಬಂದ ಅಭ್ಯಾಸ. ಊರು ಮೊದಲ ಮಾತನ್ನಷ್ಟೇ ಮನೆಗೆ ಕೊಂಡೊಯ್ದಿತು.

ಮಾರನೆಯ ದಿನ ಕೆಳಕೇರಿಯ ನಲ್ಲಿಗಳು ಒಣಗಿದವು. ವಾಲ್ವಿಗೆ ಬೀಗ ಬಿದ್ದಿತ್ತು. ಓಡಿಬಂದ ಡಾಕ್ಟರಿಗೆ ನೀರಿನ ಉಸ್ತುವಾರಿ ನೋಡುವ ಮೇಲ್ಕೇರಿಯ ಗುರುಮಲ್ಲಪ್ಪ ಕುರ್ಚಿ ಹಾಕಿಸಿದ.

"ಒಡೆದಿರೋದು ನಿಮ್ಮ ಪೈಪು ಕಣ್ರೀ. ಅವರ ಪೈಪೇ ಬೇರೆ. ಅವರ ನೀರು ನಿಲ್ಲಿಸಿದ್ರೆ ನಿಮ್ಮ ಕಾಮಾಲೆ ಹೋಗ್ತದಾ?"

"ಮೂಲ ಅಲ್ಲೇ ಅಂತ ನೀವೇ ಅಂದ್ರಲ್ಲಾ ಸಾ. ಓದಿದೋರ ಮಾತು ಕೇಳೋದೂ ತಪ್ಪಾ?"

ಪೈಪು ಸರಿಮಾಡೋಣ ಬನ್ನಿ ಎಂದರೆ ಆ ಚರಂಡಿಗೆ ಇಳಿಯಲು ಮೇಲ್ಕೇರಿಯ ಒಬ್ಬನೂ ಬರಲಿಲ್ಲ. ಕೆಳಕೇರಿಯವರೇ ಗುದ್ದಲಿ ಹಿಡಿದರು. ಡಾಕ್ಟರು ಪ್ಯಾಂಟು ಮಡಚಿ ಜೊತೆಗಿಳಿದರು. ಸಂಜೆಯ ಹೊತ್ತಿಗೆ ಮೇಲ್ಕೇರಿಗೆ ಒಳ್ಳೆಯ ನೀರು ಹರಿಯಿತು.

"ಇನ್ನು ಬೀಗ ತೆಗೆಸಿ," ಎಂದು ಕೆಸರುಗೈಯಲ್ಲೇ ಹೋಗಿ ನಿಂತರು. ಈ ಸಲ ಗುರುಮಲ್ಲಪ್ಪ ಕೂತುಕೊಳ್ಳಿ ಎನ್ನಲಿಲ್ಲ.

"ಅದೆಂಗಾಯ್ತದೆ ಸಾ? ಕಾಮಾಲೆ ಮೈಯೊಳಗೆ ಆರು ವಾರ ಅಡಗಿರ್ತದೆ ಅಂತ ಪಾಠ ಮಾಡಿದೋರು ಯಾರು? ಆರು ವಾರ ಕಾಯಾನ."

ಪಾಠವನ್ನು ಇಷ್ಟು ಚೆನ್ನಾಗಿ ನೆನಪಿಟ್ಟ ವಿದ್ಯಾರ್ಥಿ ಡಾಕ್ಟರಿಗೆ ಎಂದೂ ಸಿಕ್ಕಿರಲಿಲ್ಲ.

ಹೊರಗೆ ಬಂದರೆ, ಒಂದು ಪಾಠವನ್ನೂ ತಪ್ಪಿಸದ ಕೆಳಕೇರಿಯ ಮಹದೇವಮ್ಮ ಬಿಂದಿಗೆ ಹಿಡಿದು ನಾಲೆಯ ಕಡೆ ಹೊರಟಿದ್ದಳು.

"ನೀರು ಯಾವತ್ತು ಬಿಡ್ತಾರಂತೆ ಸಾ?"

"ಆರು ವಾರ ಆಗಲಿ ಅಂತಾರೆ."

"ಕಾಮಾಲೆ ಬಂದಿರೋದು ಅವ್ರಿಗೆ. ವಾರ ಎಣಿಸೋರು ನಾವಾ?"

ಡಾಕ್ಟರಿಗೆ ಹೊಳೆದದ್ದು ಒಂದೇ ಮಾತು. "ನಾಲೆ ನೀರು ಕಾಯಿಸಿ ಕುಡಿಯಮ್ಮ."

"ಸೌದೆ ನೀವು ತಂದ್ಕೊಡ್ತೀರಾ?" ಎಂದು ಆಕೆ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ಭಾನುವಾರ ನಾ ಬರಾಕಿಲ್ಲ ಸಾ. ನೀರಿಗೆ ಓಗ್ಬೇಕು."